ಪ್ರತಿಕ್ರಿಯೆ: ಮೂವರಲ್ಲೂ ಒಂದೇ ಕ್ಲೆಬ್ಸಿಯೆಲ್ಲಾ, ಹರಡಿದ್ದು ನಮ್ಮಲ್ಲೇನಾ?

ಅಮೆರಿಕದ ನಿಮ್ಮ ವೃದ್ಧರ ಆರೈಕೆ ಕೇಂದ್ರದಲ್ಲಿ ಅಕ್ಕಪಕ್ಕದ ಕೋಣೆಗಳ ಮೂವರಿಗೆ ಕಾರ್ಬಪೆನೆಮ್ ಎಂಬ ಪ್ರಬಲ ಆ್ಯಂಟಿಬಯಾಟಿಕ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ, ಮೂವರಿಗೂ ಕ್ಯಾಥೆಟರ್ (ಮೂತ್ರದ ಕೊಳವೆ) ಅಂದಿದ್ದೀರಿ. ಹಾಗಿದ್ದರೆ ಕೈ ಅಥವಾ ಸಾಮಾನಿನ ಮೂಲಕ ಒಳಗೇ ದಾಟಿರುವ ಸಾಧ್ಯತೆ ಜಾಸ್ತಿ. ಆದರೆ ಸೆನ್ಸಿಟಿವಿಟಿ ವರದಿ (ಯಾವ ಔಷಧಿಗೆ ಬಗ್ಗುತ್ತೆ ಅನ್ನುವ ಪಟ್ಟಿ) ಒಂದೇ ಥರ ಇರುವುದು ಸಾಕ್ಷಿಯಲ್ಲ. ಬೇರೆ ತಳಿಗಳೂ ಅದೇ ಫಲಿತಾಂಶ ಕೊಡಬಹುದು. ಅದಕ್ಕೇ ಬ್ಯಾಕ್ಟೀರಿಯಾದ ಪೂರ್ತಿ ಡಿಎನ್‌ಎ ಓದುವ ಜೀನೋಮ್ ಪರೀಕ್ಷೆ (ಸೀಕ್ವೆನ್ಸಿಂಗ್) ಬೇಕು.

ಇವತ್ತೇ ಲ್ಯಾಬಿಗೆ ಫೋನ್ ಮಾಡಿ, ಮೂರೂ ಕಲ್ಚರ್ (ಮೂವರ ಮಾದರಿಯಿಂದ ಬೆಳೆಸಿದ ಬ್ಯಾಕ್ಟೀರಿಯಾ) ಎಸೆಯಬೇಡಿ ಅನ್ನಿ. ಅವು ಹೋದರೆ ಸೀಕ್ವೆನ್ಸ್ ಮಾಡಲು ಏನೂ ಉಳಿಯುವುದಿಲ್ಲ. ಆಮೇಲೆ ರಾಜ್ಯದ ಆರೋಗ್ಯ ಇಲಾಖೆಗೆ ತಿಳಿಸಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ, ಇಂಥ ಬ್ಯಾಕ್ಟೀರಿಯಾ ಪರೀಕ್ಷಿಸುವ ಲ್ಯಾಬ್ ಜಾಲ 2016ರಿಂದ ಇದೆ, ಮಾದರಿ ಕಳಿಸುವ ದಾರಿಯನ್ನು ಇಲಾಖೆಯವರೇ ಹೇಳುತ್ತಾರೆ.

ಯಾರು ಯಾವ ಕೋಣೆ, ಯಾವಾಗ ಆಸ್ಪತ್ರೆಗೆ ಹೋಗಿ ಬಂದರು, ಕ್ಯಾಥೆಟರ್ ಯಾವತ್ತು ಹಾಕಿದ್ದು, ಎಲ್ಲ ಬರೆದಿಡಿ. ಜೀನೋಮ್‌ಗಳ ನಡುವೆ ಕೆಲವೇ ಡಿಎನ್‌ಎ ಅಕ್ಷರಗಳ ವ್ಯತ್ಯಾಸವಿದ್ದರೆ ನಂಟು ಹತ್ತಿರದ್ದು. ಆದರೆ ಯಾರಿಂದ ಯಾರಿಗೆ ಅನ್ನುವುದು ಈ ದಿನಾಂಕಗಳಿಲ್ಲದೆ ತಿಳಿಯುವುದು ಕಷ್ಟ. ತಳಿ ಬೇರೆ ಬಂದರೂ ನಿರಾಳವಾಗಬೇಡಿ. ಔಷಧಿಗೆ ಬಗ್ಗದಂತೆ ಮಾಡುವ ನಿರೋಧಕ ಜೀನ್, ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದ ಜೊತೆ ಒಂದು ತಳಿಯಿಂದ ಇನ್ನೊಂದಕ್ಕೆ ಹೋಗಬಲ್ಲದು. ಅದನ್ನು ಪತ್ತೆ ಮಾಡಲು ಡಿಎನ್‌ಎಯನ್ನು ಉದ್ದುದ್ದ ತುಂಡುಗಳಲ್ಲಿ ಓದುವ ಲಾಂಗ್ ರೀಡ್ ಸೀಕ್ವೆನ್ಸಿಂಗ್ ಆಗುತ್ತಾ ಅಂತ ಕೇಳಿ.

ವರದಿಗೆ ವಾರಗಳೇ ಹಿಡಿಯಬಹುದು, ಸುಮ್ನೆ ಕಾಯಬೇಡಿ. ಮೂತ್ರ ಅಳೆಯುವ ಜಗ್ ಒಬ್ಬೊಬ್ಬರಿಗೆ ಒಂದೊಂದು ಇರಲಿ, ನಾನು ಮೊದಲು ನೋಡುವುದೇ ಅದನ್ನು. ಮೂತ್ರದ ಚೀಲ ಖಾಲಿ ಮಾಡುವಾಗ, ಸ್ನಾನ ಮಾಡಿಸುವಾಗ ಗೌನ್, ಗ್ಲೌಸ್ ಹಾಕಿ, ಮುಂದಿನವರ ಹತ್ತಿರ ಹೋಗುವ ಮುಂಚೆ ಬದಲಿಸಿ. ಬೇಡದ ಕ್ಯಾಥೆಟರ್ ತೆಗೆಸಿ. ಪಕ್ಕದ ಮಂಚದವರಿಗೆ ಸ್ವಾಬ್ ಪರೀಕ್ಷೆ ಮಾಡಬೇಕಾ ಅಂತಲೂ ಇಲಾಖೆಯವರನ್ನು ಕೇಳಿ.