ಯಾರೂ ರ‍್ಯಾಪ್ ಮಾಡದ ಹಿಪ್‌ಹಾಪ್ ಆಲ್ಬಂ ಮೊದಲ ಸಲ ಕೇಳುವಾಗ ಏನನ್ನು ಕೇಳಬೇಕು?

ನೀವು ಕೇಳಿದ್ದು ಇಷ್ಟು: ಹಿಪ್‌ಹಾಪ್‌ಗೆ ಬೀಟ್, ಅಂದರೆ ರ‍್ಯಾಪ್ ಹಿಂದೆ ಬರುವ ಸಂಗೀತ, ಮಾಡುತ್ತಿದ್ದ ಅಮೆರಿಕದ ಜೆ ಡಿಲ್ಲಾ ಅವರ 'ಡೋನಟ್ಸ್' ಆಲ್ಬಂ ಹಾಕಿದೆ, ಎಲ್ಲರೂ ಹೊಗಳುತ್ತಾರೆ, ನನಗೆ ಮಾತ್ರ ಬರೀ ತುಂಡು ತುಂಡು ಬೀಟ್ ಕೇಳಿಸಿತು, ಯಾರೂ ರ‍್ಯಾಪ್ ಮಾಡಲೇ ಇಲ್ಲ, ಇದನ್ನು ಹೇಗೆ ಕೇಳಬೇಕು ಅಂತ. ನನಗೂ ಮೊದಲ ಸಲ ಹೀಗೇ ಆಗಿತ್ತು, ಅದೂ ಇದೇ ಆಲ್ಬಂನಲ್ಲಿ.

ನಾನು ರಾಯಚೂರಿನವನು. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಓದುವ ಚಿಕ್ಕಪ್ಪನ ಮಗ ರಜೆಗೆ ಬಂದಿದ್ದ. ನಮ್ಮ ಕಡೆ ಬೇಸಿಗೆಯಲ್ಲಿ ಮನೆ ಒಳಗೆ ಮಲಗೋದು ಆಗದ ಮಾತು, ಎಲ್ಲರೂ ಮಾಳಿಗೆ ಮೇಲೆ ಹಾಸಿಗೆ ಹಾಕಿದ್ದೆವು. ಅವನು ತನ್ನ ಇಯರ್‌ಫೋನ್ ಕೊಟ್ಟು, "ಅಣ್ಣಾ, ಇದನ್ನ ಮೊದಲಿಂದ ಕೊನೀತನಕ ಕೇಳು, ನಡುವ ಬಿಡಬ್ಯಾಡ" ಅಂದ. ಕೇಳಿದೆ. ಈಗ ರ‍್ಯಾಪ್ ಶುರುವಾಗುತ್ತದೆ, ಈಗ ಶುರುವಾಗುತ್ತದೆ ಅಂತ ಕಾದೆ. ಒಂದೊಂದು ಟ್ರ್ಯಾಕ್ ಒಂದು ನಿಮಿಷ, ಒಂದೂವರೆ ನಿಮಿಷಕ್ಕೆ ಮುಗಿದುಹೋಗುತ್ತದೆ. ಕಿವಿ ಹೊಂದಿಕೊಳ್ಳುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಅರ್ಧಕ್ಕೇ ನಿದ್ದೆ ಬಂತು.

ಮರುದಿನ ರಾತ್ರಿ ಮತ್ತೆ ಹಾಕಿದೆ. ಈ ಸಲ ಯಾರಿಗೂ ಕಾಯಲಿಲ್ಲ. ಎರಡನೇ ಟ್ರ್ಯಾಕ್‌ನಲ್ಲಿ ಒಂದು ಸೈರನ್ ಕೂಗುತ್ತದಲ್ಲ, ಅದರ ಕೆಳಗೆ ಡ್ರಮ್ ಹೇಗೆ ಬೀಳುತ್ತದೆ ಅಂತ ಅದೊಂದನ್ನೇ ಹಿಡಿದು ಕೂತೆ. ಆಗ ನನಗೆ ಮುದಗಲ್ ನೆನಪಾಯಿತು. ಅದು ನನ್ನ ಅಜ್ಜಿ ಊರು, ಅಲ್ಲಿನ ಮೊಹರಂ ನಮ್ಮ ಜಿಲ್ಲೆಯಲ್ಲೆಲ್ಲ ಹೆಸರುವಾಸಿ. ಮೊಹರಂನ ಕತ್ತಲ ರಾತ್ರಿ ದಿನ ಅಲಾಯಿ ಕುಣಿ ಅನ್ನೋ ಬೆಂಕಿ ಗುಂಡಿಯ ಸುತ್ತ ಹೆಜ್ಜೆ ಹಾಕುವಾಗ ಹಲಗೆ ಬಾರಿಸುವವರು ಒಂದೇ ವರಸೆಯನ್ನು ಬಹಳ ಹೊತ್ತು ಸುತ್ತಿ ಸುತ್ತಿ ಬಾರಿಸುತ್ತಾರೆ, ಅಲ್ಲಿ ನಿಂತವರು ಯಾರೂ ಹಾಡು ಯಾವಾಗ ಅಂತ ಕೇಳುವುದಿಲ್ಲ. ದಪ್ಪ ಕೋಲಿನ ಏಟು ಒಂಚೂರು ತಡವಾಗಿ ಬೀಳುತ್ತದೆ, ಆ ತಡದಲ್ಲೇ ಕಾಲು ಮೇಲೇಳುತ್ತದೆ. ಡಿಲ್ಲಾ ಅವರ ಡ್ರಮ್‌ನಲ್ಲೂ ಅದೇ ತಡ ಇದೆ. ಅದು ಕಿವಿಗೆ ಬಿದ್ದ ಮೇಲೆ ನನಗೆ ರ‍್ಯಾಪ್ ಬೇಕು ಅನಿಸಲೇ ಇಲ್ಲ.

ಈ ತಡ ಎಲ್ಲಿಂದ ಬರುತ್ತದೆ ಅಂದರೆ, ಬೀಟ್ ಮಾಡುವವರು ಹಳೇ ರೆಕಾರ್ಡಿನಿಂದ ಒಂದು ಚೂರು ಸದ್ದು ಎತ್ತಿಕೊಂಡು ಸ್ಯಾಂಪ್ಲರ್ ಅನ್ನೋ ಯಂತ್ರಕ್ಕೆ ಹಾಕುತ್ತಾರೆ, ಅದರ ಗುಂಡಿಗಳನ್ನು ಬೆರಳಿಂದ ಬಡಿದು ಬಾರಿಸುತ್ತಾರೆ. ಏಟು ಹಿಂದೆಮುಂದೆ ಆದರೆ ಯಂತ್ರವೇ ಎಳೆದು ಸರಿಯಾದ ಜಾಗಕ್ಕೆ ಕೂರಿಸುತ್ತದೆ. ಡಿಲ್ಲಾ ಬೇಕಂತಲೇ ಕೆಲವು ಏಟುಗಳನ್ನು ಅಲ್ಲಿಂದ ಸರಿಸಿಡುತ್ತಿದ್ದರು, ಒಂದು ಬೇಗ, ಇನ್ನೊಂದು ತಡ. ಅವರು ಬಳಸುತ್ತಿದ್ದ ಅಕಾಯ್ ಎಂಪಿಸಿ 3000 ಯಂತ್ರ ಈಗ ವಾಷಿಂಗ್ಟನ್‌ನಲ್ಲಿರುವ ಆಫ್ರಿಕನ್ ಅಮೆರಿಕನ್ ಇತಿಹಾಸದ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ.

ಹಿಪ್‌ಹಾಪ್ ಅಂದರೆ ಮಾತು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಆದರೆ 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ತಂಗಿ ಇಟ್ಟುಕೊಂಡಿದ್ದ ಪಾರ್ಟಿಯಿಂದ ಈ ಸಂಗೀತದ ಕತೆ ಶುರು ಮಾಡುತ್ತಾರೆ. ಹರ್ಕ್ ಹೆಸರಾಗಿದ್ದು ಯಾತಕ್ಕೆ ಗೊತ್ತಾ? ಹಾಡಿನಲ್ಲಿ ಹಾಡುವವರು ಸುಮ್ಮನಾಗಿ ಡ್ರಮ್ ಒಂದೇ ಬರುವ ಜಾಗ ಇರುತ್ತದಲ್ಲ, ಜನ ಆಗಲೇ ಜಾಸ್ತಿ ಕುಣಿಯುವುದನ್ನು ಅವರು ಗಮನಿಸಿದರು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ಜಾಗವನ್ನೇ ಮತ್ತೆ ಮತ್ತೆ ಹಾಕಿ ಉದ್ದ ಮಾಡಿದರು. ಬೀಟ್ ಮೊದಲು ಬಂತು, ರ‍್ಯಾಪ್ ಆಮೇಲೆ ಅದರ ಮೇಲೆ ಕೂತಿತು.

ಈಗ 'ಡೋನಟ್ಸ್'ನ 18ನೇ ಟ್ರ್ಯಾಕ್‌ಗೆ ಬನ್ನಿ, 'ಡೋಂಟ್ ಕ್ರೈ', ಅಂದರೆ ಅಳಬೇಡ. ನೀವು ಒಂದನ್ನೇ ಕೇಳುವುದಾದರೂ ಇದನ್ನು ಕೇಳಿ. ದಿ ಎಸ್ಕಾರ್ಟ್ಸ್ ಅನ್ನೋ ಗುಂಪಿನ ಹಳೇ ಸೋಲ್ (ಅಮೆರಿಕದ ಕಪ್ಪು ಜನರ ಭಾವ ತುಂಬಿದ ಹಾಡಿನ ಬಗೆ) ಹಾಡು ಮೊದಲು ಸುಮಾರಾಗಿ ಇದ್ದ ಹಾಗೇ ಬರುತ್ತದೆ. ಆಮೇಲೆ ಡಿಲ್ಲಾ ಅದನ್ನೇ ಸಣ್ಣ ಸಣ್ಣ ಚೂರು ಮಾಡಿ, ಚೂರುಗಳ ಜಾಗ ಬದಲಿಸಿ, ಇನ್ನೊಂದೇ ರಾಗ ಎಬ್ಬಿಸುತ್ತಾರೆ. ನಮ್ಮ ಅಜ್ಜಿ ಹಳೇ ಸೀರೆ ಕತ್ತರಿಸಿ ಕೌದಿ ಹೊಲಿಯುವಾಗ ಇದು ದೊಡ್ಡಮ್ಮನ ಸೀರೆ, ಇದು ಅತ್ತೆ ಸೀರೆ ಅಂತ ಗುರುತು ಹಿಡಿಯುತ್ತಿದ್ದೆವು. ಇಲ್ಲೂ ಹಾಗೇ. ಮೂಲ ಹಾಡನ್ನು ಆಗಷ್ಟೇ ಕೇಳಿರುತ್ತೀರಿ, ಅದಕ್ಕೇ ಪ್ರತಿ ಚೂರಿನ ಗುರುತೂ ಸಿಗುತ್ತದೆ.

ಆ ಎರಡನೇ ರಾತ್ರಿ ಈ ಟ್ರ್ಯಾಕ್ ಬಂದಾಗ ಪಕ್ಕದಲ್ಲಿ ಅವ್ವ ಇನ್ನೂ ಎಚ್ಚರ ಇದ್ದಳು. ಒಂದು ಇಯರ್‌ಫೋನ್ ಅವಳ ಕಿವಿಗೆ ಇಟ್ಟೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಹಾಡಿನ ಹೆಸರೂ ನಾನು ಹೇಳಿರಲಿಲ್ಲ. ಸ್ವಲ್ಪ ಹೊತ್ತು ಕೇಳಿ, "ಯಾಕೋ ಯಪ್ಪಾ, ಯಾರೋ ಅಳಾಕತ್ಯಾರಲ್ಲ" ಅಂದಳು. ನನಗೆ ಮೈ ಜುಮ್ಮೆಂದಿತು.

ಡಿಲ್ಲಾ ಡೆಟ್ರಾಯಿಟ್‌ನವರು, ನಿಜವಾದ ಹೆಸರು ಜೇಮ್ಸ್ ಯಾನ್ಸಿ. ಅಪರೂಪದ ರಕ್ತದ ಕಾಯಿಲೆ ಇತ್ತು, ಮೈಯ ರೋಗನಿರೋಧಕ ಶಕ್ತಿ ಮೈಯನ್ನೇ ಕಾಡುವ ಲೂಪಸ್ ಕಾಯಿಲೆ ಕೂಡ. 2006ರ ಫೆಬ್ರವರಿ 7, ಅವರ 32ನೇ ಹುಟ್ಟುಹಬ್ಬದ ದಿನ 'ಡೋನಟ್ಸ್' ಬಿಡುಗಡೆ ಆಯಿತು. ಮೂರು ದಿನಕ್ಕೆ ತೀರಿಕೊಂಡರು. ಇದು ಗೊತ್ತಾದ ಮೇಲೆ ಎಷ್ಟೋ ಜನ ಇಡೀ ಆಲ್ಬಂ ಅನ್ನು ಸಾವಿನ ಸಂಗೀತ ಅಂತಲೇ ಕೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಇದರಲ್ಲಿ ತುಂಟತನ ಬೇಕಾದಷ್ಟಿದೆ, ಕುಣಿಯೋಣ ಅನಿಸುವ ಜಾಗಗಳಿವೆ. ಮೊದಲ ಸಲಕ್ಕೆ ಅವನ್ನು ಕಳಕೊಳ್ಳಬೇಡಿ.

ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಕೆಳಗಿನ ದಪ್ಪ ಸದ್ದು ಅದರಲ್ಲಿ ಬರುವುದೇ ಇಲ್ಲ. ಶಫಲ್ ಆಫ್ ಮಾಡಿ, ಒಂದು ಟ್ರ್ಯಾಕ್ ಇನ್ನೊಂದರೊಳಗೆ ಹೊಕ್ಕು ಹೊರಡುವ ಹಾಗೆ ಜೋಡಿಸಿದ್ದಾರೆ, ನಡುವೆ ಜಾಹೀರಾತು ಬಂದರೂ ಕೆಡುತ್ತದೆ. ಒಟ್ಟು 31 ಟ್ರ್ಯಾಕ್, ಮುಕ್ಕಾಲು ಗಂಟೆಯೂ ಇಲ್ಲ. ಇದು ಹಿಡಿಸಿದರೆ ಡಿಲ್ಲಾ ಹಾಗೇ ಬೀಟ್ ಮಾಡುವ ಮ್ಯಾಡ್‌ಲಿಬ್ ಅವರು 2007ರಲ್ಲಿ ತಂದ 'ಬೀಟ್ ಕಂಡಕ್ಟಾ ಇನ್ ಇಂಡಿಯಾ' ಕೇಳಿ, ಹೆಚ್ಚಾಗಿ ನಮ್ಮ ದೇಶದ ಹಳೇ ಸಿನಿಮಾ ಹಾಡುಗಳ ಚೂರುಗಳಿಂದ ಕಟ್ಟಿದ ಆಲ್ಬಂ ಅದು.

ಇನ್ನೊಂದು. 'ಡೋನಟ್ಸ್'ನ ಮೊದಲ ಟ್ರ್ಯಾಕ್ ಹೆಸರು 'ಡೋನಟ್ಸ್ (ಔಟ್ರೋ)', ಔಟ್ರೋ ಅಂದರೆ ಮುಕ್ತಾಯ. ಕೊನೆಯದರ ಹೆಸರು 'ವೆಲ್ಕಮ್ ಟು ದ ಶೋ', ಅಂದರೆ ಕಾರ್ಯಕ್ರಮಕ್ಕೆ ಸ್ವಾಗತ. ಹಾಗಾಗಿ 31ನೆಯದು ಮುಗಿದ ಕೂಡಲೇ ನಿಲ್ಲಿಸಬೇಡಿ, ರಿಪೀಟ್ ಹಾಕಿಟ್ಟು ಮೊದಲನೆಯದು ತಾನಾಗಿ ಶುರುವಾಗಲು ಬಿಡಿ. ಎರಡೂ ಎಲ್ಲಿ ಕೂಡುತ್ತವೆ ಅಂತ ಹುಡುಕಿ, ನನಗೆ ಮೂರನೇ ಸಲಕ್ಕೆ ಸಿಕ್ಕಿತು.