ಮುಖ ಊದಿತು ಅಂತ ಮಾತ್ರೆ ನಿಲ್ಲಿಸುತ್ತೀರಾ?

ಮಕ್ಕಳ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ಕಾಯಿಲೆ) ಬಗ್ಗೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಇದೇ ಪ್ರಶ್ನೆ. ಹಾಗಾಗಿ ಈ ಸಲ ಉತ್ತರ ಸ್ವಲ್ಪ ಉದ್ದ.

ಪ್ರಶ್ನೆ: ಮಗಳಿಗೆ 9 ವರ್ಷ. ಆರ್ಥ್ರೈಟಿಸ್‌ಗೆ ಮೂರು ತಿಂಗಳಿಂದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡುತ್ತಿದ್ದೇವೆ. ತೂಕ 5 ಕೆ.ಜಿ. ಏರಿದೆ, ಮುಖ ಊದಿದೆ. ಮುದ್ದೆ ನಿಲ್ಲಿಸಿ, ರಾತ್ರಿ ಊಟ ಬಿಡಿಸಿದ್ದೇವೆ. ಮಾತ್ರೆಯನ್ನೂ ನಿಲ್ಲಿಸಬಹುದೇ? – ಹಾಸನ

ಉತ್ತರ: ಮೊದಲು ಮಗುವಿಗೆ ರಾತ್ರಿ ಊಟ ಹಾಕಿ. ಆಮೇಲೆ ಮುಂದೆ ಓದಿ.

ಮಾತ್ರೆ ಥಟ್ಟನೆ ನಿಲ್ಲಿಸಲೇಬೇಡಿ. ವಾರಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕರೆ ದೇಹದೊಳಗೇ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಕಡಿಮೆ ಮಾಡಿಬಿಡುತ್ತದೆ. ಒಮ್ಮೆಲೇ ಬಿಟ್ಟರೆ ವಾಂತಿ, ಸುಸ್ತು, ಬಿಪಿ ಕುಸಿತ. ಜೀವಕ್ಕೇ ಕುತ್ತು ಬರಬಹುದು. ಡೋಸ್ ಇಳಿಸುವುದು ವೈದ್ಯರ ಕೆಲಸ, ಅದೂ ನಿಧಾನವಾಗಿ. ಡೋಸ್ ಇಳಿದಂತೆ ಮುಖವೂ ಇಳಿಯುತ್ತದೆ. ಮಧ್ಯೆ ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮರುದಿನದವರೆಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಈ ಮಾತ್ರೆಯಿಂದ ವಿಪರೀತ ಹಸಿವಾಗುತ್ತದೆ. ಅದು ಮಗುವಿನ ಆಸೆಬುರುಕತನ ಅಲ್ಲ. ಬೈದರೆ ಬಿಸ್ಕತ್ತನ್ನು ಕದ್ದು ತಿನ್ನುತ್ತಾಳೆ, ಅಷ್ಟೇ. ಆ ಬಿಸ್ಕತ್ತನ್ನು ಮನೆಗೇ ತರಬೇಡಿ, ಯಾರಿಗೂ. ಅಣ್ಣನಿಗೆ ಚಿಪ್ಸ್, ತಂಗಿಗೆ ಸೌತೆಕಾಯಿ ಅಂದರೆ ಯಾವ ನ್ಯಾಯ? ಅನ್ನ ಒಂದು ಹಿಡಿ ಕಡಿಮೆ ಮಾಡಿ, ಪಲ್ಯ, ಕಾಳಿನ ಉಸಲಿ ಜಾಸ್ತಿ ಹಾಕಿ. ತಿನ್ನುವವರಾದರೆ ಮೊಟ್ಟೆ ಕೊಡಿ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ದೂರ ಇಡಿ. ಸ್ಟೀರಾಯ್ಡ್ ಜೊತೆ ಉಪ್ಪು ಸೇರಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಬಿಪಿ ಏರುತ್ತದೆ.

ಇನ್ನು ಮುದ್ದೆ. ಸ್ಟೀರಾಯ್ಡ್ ಮೂಳೆಯನ್ನು ಸವೆಸುತ್ತದೆ. ಈ ವಯಸ್ಸಿಗೆ ದಿನಕ್ಕೆ 650 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). 100 ಗ್ರಾಂ ರಾಗಿಯಲ್ಲೇ ಸುಮಾರು 350 ಇದೆ. ಹಾಸನದವರಿಗೆ ರಾಗಿಯ ಬಗ್ಗೆ ನಾನು ಪಾಠ ಹೇಳಬೇಕಾ! ಪುಟ್ಟ ಮುದ್ದೆ, ಜೊತೆಗೆ ಹಾಲು, ಮೊಸರು ಮತ್ತೆ ಶುರು ಮಾಡಿ.

ತೂಕ ಇಳಿಸುವ ಹಟ ಬೇಡ. ತೂಕ ಅಲ್ಲೇ ನಿಂತು ಎತ್ತರ ಬೆಳೆದರೆ ಸಾಕು. ರೋಗವೂ ಬೆಳವಣಿಗೆ ತಡೆಯುತ್ತದೆ, ಮಾತ್ರೆಯೂ ತಡೆಯುತ್ತದೆ. ಅದರ ಮೇಲೆ ನೀವು ಬೇರೆ ಉಪವಾಸ ಕೆಡವುತ್ತಿದ್ದೀರಿ. ಪ್ರತಿ ಸಲ ಆಸ್ಪತ್ರೆಗೆ ಹೋದಾಗ ಎತ್ತರವನ್ನೂ ಅಳೆಸಿ, ಬರೆದಿಡಿ.

ಪ್ರಶ್ನೆ: ಆಲೂಗಡ್ಡೆ, ಬದನೆ, ಹುಣಸೆ ವಾಯು ಅಲ್ವಾ? – ತುಮಕೂರು

ಉತ್ತರ: ಮಕ್ಕಳ ಆರ್ಥ್ರೈಟಿಸ್ ವಾಯುವಿನಿಂದ ಬಂದ ರೋಗವೇ ಅಲ್ಲ. ತಿನ್ನಲಿ ಬಿಡಿ.

ಪ್ರಶ್ನೆ: ಇದೇ ಕಾಯಿಲೆ ಇರುವ ಮಗ ರೊಟ್ಟಿ ಮುಟ್ಟುವುದಿಲ್ಲ, ಗಂಜಿಯೇ ಬೇಕು. ತೂಕ ಇಳಿಯುತ್ತಿದೆ. ಹಟ ಬಿಡಿಸುವುದು ಹೇಗೆ? – ವಿಜಯಪುರ

ಉತ್ತರ: ಹಟ ಅಂತ ಯಾಕೆ ತೀರ್ಮಾನ ಮಾಡಿದಿರಿ? ಬಾಯಿ ಪೂರ್ತಿ ತೆರೆಯುತ್ತಾನಾ ನೋಡಿ. ಆರ್ಥ್ರೈಟಿಸ್ ದವಡೆಯ ಕೀಲಿಗೂ ಬರುತ್ತದೆ. ಎಷ್ಟೋ ಮಕ್ಕಳು ನೋವು ಅಂತ ಹೇಳುವುದೇ ಇಲ್ಲ, ಅಗಿಯುವುದನ್ನು ಬಿಡುತ್ತಾರೆ. ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿ, ಗಂಜಿಗೆ ತುಪ್ಪ ಹಾಕಿ.

ಪ್ರಶ್ನೆ: ಪರಿಚಯದವರು ಕೊಟ್ಟ ಪುಡಿಯಿಂದ ಮೂರೇ ದಿನಕ್ಕೆ ನೋವು ಮಾಯ. ಎರಡು ತಿಂಗಳಿಂದ ಕೊಡುತ್ತಿದ್ದೇವೆ. ಈಗ ಮಗು ದಪ್ಪ ಆಗುತ್ತಿದೆ. – ಬಳ್ಳಾರಿ

ಉತ್ತರ: ಲೇಬಲ್ ಇಲ್ಲದ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಲ್ಯಾಬಿನಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಎಷ್ಟು ಬೆರೆಸಿದ್ದಾನೆ ಅಂತ ಮಾರುವವನಿಗೇ ಗೊತ್ತಿರುವುದಿಲ್ಲ. ಹೆದರಿ ಇದನ್ನೂ ಒಮ್ಮೆಲೇ ನಿಲ್ಲಿಸಬೇಡಿ. ಪೊಟ್ಟಣ ಹಿಡಿದುಕೊಂಡು ಇವತ್ತೇ ಮಕ್ಕಳ ವೈದ್ಯರ ಹತ್ತಿರ ಹೋಗಿ. ಎಷ್ಟು ಕೊಟ್ಟಿರಿ, ಯಾವಾಗಿನಿಂದ ಕೊಟ್ಟಿರಿ ಅಂತ ಮುಚ್ಚಿಡದೆ ಹೇಳಿ.