ಇಳಕಲ್ ಸೀರೆಯ ಲೆಕ್ಕ ಮತ್ತು ಕೂಟದ ಊಟದ ದುಡ್ಡು

ನ್ಯೂಜೆರ್ಸಿಗೆ ಬಂದು ಎಂಟು ತಿಂಗಳಾಯಿತು, ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣಗಳನ್ನು ತರಿಸಿ ಮಾರುತ್ತಿದ್ದೇನೆ, ಹಣವೆಲ್ಲ ಪೇಪಾಲ್ ಮತ್ತು ವೆನ್ಮೋ ಎಂಬ ಪಾವತಿ ಆ್ಯಪ್‌ಗಳ ಮೂಲಕ ಬರುತ್ತದೆ, 20,000 ಡಾಲರ್ ದಾಟದಿದ್ದರೆ ತೆರಿಗೆಯೇ ಇಲ್ಲವೆಂದು ಪರಿಚಯದವರು ಹೇಳುತ್ತಾರೆ, ಹೌದೇ, 1099-ಕೆ ಎಂಬ ನಮೂನೆಯನ್ನು ನಾನೇ ತುಂಬಬೇಕೇ, ಕಂಪನಿ ತೆರೆಯಬೇಕೇ, ಇಲ್ಲಿನ ಚಳಿಗಾಲ ಕಳೆಯುವುದು ಹೇಗೆ ಎಂದು ಒಂದೇ ಉಸಿರಿನಲ್ಲಿ ಕೇಳಿದ್ದೀರಿ. ನಾನೂ ಬಾಗಲಕೋಟೆಯ ಕಡೆಯವಳು. ನಿಮ್ಮನ್ನು ತಂಗಿ ಎಂದೇ ಭಾವಿಸಿ ಬರೆಯುತ್ತಿದ್ದೇನೆ.

ಚಳಿಗಾಲದ ವಿಷಯ ಟೆಕ್ಸಾಸಿನಲ್ಲಿರುವ ನನಗೆ ಹೆಚ್ಚು ತಿಳಿಯದು. ಕಂಪನಿ ಸದ್ಯಕ್ಕೆ ಬೇಡ. ನಿಮ್ಮ ಹೆಸರಿನಲ್ಲೇ ವ್ಯಾಪಾರ ಮಾಡಿ, ಪತಿಯೊಂದಿಗೆ ಸಲ್ಲಿಸುವ ರಿಟರ್ನ್ಸ್‌ನಲ್ಲಿ ವ್ಯಾಪಾರದ ಲಾಭ-ನಷ್ಟ ತೋರಿಸುವ ಶೆಡ್ಯೂಲ್ ಸಿ ಎಂಬ ಪುಟ ಸೇರಿಸಿದರೆ ಸಾಕು. ನಿಮ್ಮ ಪತಿ ಕಂಪನಿಯೊಳಗಿನ ವರ್ಗಾವಣೆಯ ಎಲ್-1 ವೀಸಾದಲ್ಲಿ ಬಂದಿರುವುದರಿಂದ ನಿಮಗೆ ದುಡಿಯುವ ಹಕ್ಕು ಬಂದ ದಿನದಿಂದಲೇ ಇದೆ. 2009ರಲ್ಲಿ ಎಚ್-1ಬಿ ಉದ್ಯೋಗಿಯ ಪತ್ನಿಗೆ ಕೊಡುವ ಎಚ್-4 ವೀಸಾದ ಮೇಲೆ ಬಂದಿಳಿದ ನನಗೆ ಅದು ಇರಲಿಲ್ಲ. ನಿಯಮ ಬದಲಾಗಿ 2015ರಲ್ಲಿ ಕೆಲಸದ ಪರವಾನಗಿ ಸಿಗುವವರೆಗೆ ಆರು ವರ್ಷ ಸೂಟ್‌ಕೇಸಿನಲ್ಲಿ ತಂದ ಸೀರೆಗಳನ್ನು ಮಡಿಕೆ ಬದಲಿಸಿ ಇಡುತ್ತ ಕುಳಿತಿದ್ದೆ. ಮೊದಲ ಸೀರೆ ಮಾರಿದ ದಿನ ಅಪ್ಪನಿಗೆ ಫೋನು ಮಾಡಿ ಅತ್ತದ್ದು ಇಂದಿಗೂ ನೆನಪಿದೆ.

ಈಗ ನಮೂನೆಯ ವಿಚಾರಕ್ಕೆ ಬರುತ್ತೇನೆ. ವರ್ಷದಲ್ಲಿ ನಿಮಗೆ ಬಂದ ಹಣವನ್ನು ವರದಿ ಮಾಡುವ 1099-ಕೆಯನ್ನು ನೀವು ತುಂಬುವುದಿಲ್ಲ. ನಿಮ್ಮ ಪರವಾಗಿ ಹಣ ಸ್ವೀಕರಿಸುವ ಸಂಸ್ಥೆ ಅದನ್ನು ತುಂಬಿ, ಒಂದು ಪ್ರತಿಯನ್ನು ಜನವರಿ 31ರೊಳಗೆ ನಿಮಗೂ ಇನ್ನೊಂದನ್ನು ಕೇಂದ್ರ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೂ ಕಳುಹಿಸುತ್ತದೆ. ವರ್ಷದಲ್ಲಿ 20,000 ಡಾಲರ್ ದಾಟಬೇಕು, ಜೊತೆಗೆ ವ್ಯವಹಾರಗಳ ಸಂಖ್ಯೆಯೂ 200 ದಾಟಬೇಕು, ಎರಡೂ ಆದರೆ ಮಾತ್ರ ಅದು ಕಡ್ಡಾಯ. 2021ರ ಕಾನೂನು ಈ ಮಿತಿಯನ್ನು 600 ಡಾಲರಿಗೆ ಇಳಿಸಿತ್ತು, ಜಾರಿಯನ್ನು ವರ್ಷ ವರ್ಷವೂ ಮುಂದೂಡಿದರು, ಕೊನೆಗೆ 2025ರ ಜುಲೈನಲ್ಲಿ ಬಂದ ಕಾನೂನು ಹಳೆಯ ಮಿತಿಯನ್ನೇ ಮರಳಿ ತಂದಿತು. ಆದರೆ ನಿಮ್ಮ ನ್ಯೂಜೆರ್ಸಿ ರಾಜ್ಯ 1,000 ಡಾಲರಿನ ಬೇರೆಯೇ ಮಿತಿ ಇಟ್ಟುಕೊಂಡಿದೆಯಾದ್ದರಿಂದ ನಿಮಗೆ ಕಡಿಮೆ ಮೊತ್ತಕ್ಕೇ ನಮೂನೆ ಬರಬಹುದು.

ನಿಮ್ಮ ಪರಿಚಯದವರ ಮಾತಿನಲ್ಲಿ ತಪ್ಪಿರುವುದು ಇಲ್ಲಿ: ಆ ಮಿತಿ ಸಂಸ್ಥೆಯು ವರದಿ ಮಾಡುವುದಕ್ಕೆ, ನೀವು ತೆರಿಗೆ ಕಟ್ಟುವುದಕ್ಕಲ್ಲ. ನಮೂನೆ ಬರಲಿ ಬಿಡಲಿ, ಮಾರಾಟದ ಪ್ರತಿ ಡಾಲರನ್ನೂ ತೋರಿಸಬೇಕು. ಖರ್ಚು ಕಳೆದು ಉಳಿದ ಲಾಭ 400 ಡಾಲರ್ ಮುಟ್ಟಿದರೆ ಆದಾಯ ತೆರಿಗೆಯ ಜೊತೆಗೆ ಶೇ. 15.3ರ ಸ್ವಉದ್ಯೋಗ ತೆರಿಗೆಯೂ ಸೇರುತ್ತದೆ. ಶುಲ್ಕ ಉಳಿಯುತ್ತದೆಂದು ಸೀರೆಯ ಹಣವನ್ನು ಸ್ನೇಹಿತರಿಗೆ ಕೊಡುವ ಹಣವೆಂದು ನಮೂದಿಸಿ ಕಳುಹಿಸುತ್ತೇವೆ ಎನ್ನುವ ಗಿರಾಕಿಗಳು ಸಿಗುತ್ತಾರೆ. ಬಿಲ್ಲು ಬೇಡವೆಂದರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಊರಿನ ಅಂಗಡಿಯಲ್ಲಿ ಕೇಳುವ ದನಿ ಅದು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಪ್ಪಬೇಡಿ. ನೇಕಾರರು ಕೊಡುವ ಕೈಬರಹದ ಚೀಟಿ, ಅವರಿಗೆ ಹಣ ಕಳುಹಿಸಿದ ದಾಖಲೆ, ಸುಂಕದ ರಸೀದಿ ಇವನ್ನೆಲ್ಲ ಕೂಡಿಸಿಡಿ. 800 ಡಾಲರಿನೊಳಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿರುವುದರಿಂದ ಆ ರಸೀದಿಗಳೇ ಈಗ ದೊಡ್ಡ ಖರ್ಚಿನ ಸಾಕ್ಷಿ.

ನಾನು ಎಡವಿದ್ದು ಬೇರೆ ಕಡೆ. 2017ರಲ್ಲಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ಊಟಕ್ಕೆ ಮನೆಗೆ 60 ಡಾಲರಿನಂತೆ 90 ಮನೆಗಳಿಂದ ಹಣ ಕೂಡಿಸಬೇಕಿತ್ತು, ಹೇಗೂ ನಿನ್ನ ಖಾತೆ ಇದೆಯಲ್ಲ ಎಂದರು, ನಾನೂ ಹೆಮ್ಮೆಯಿಂದಲೇ ಒಪ್ಪಿದೆ. ಆ ವರ್ಷ ನನ್ನ ಸೀರೆಗಳ ಮಾರಾಟ 130 ವ್ಯವಹಾರಗಳಲ್ಲಿ 18,900 ಡಾಲರ್. ಊಟದ 5,400 ಸೇರಿ ಖಾತೆಯ ಲೆಕ್ಕ 24,300 ಡಾಲರಿಗೂ 220 ವ್ಯವಹಾರಗಳಿಗೂ ಏರಿ, ಕೂಟದ ದುಡ್ಡಿಲ್ಲದಿದ್ದರೆ ಬರಲೇ ಬಾರದಿದ್ದ ನಮೂನೆ ಬಂತು.

ನಮೂನೆಯಲ್ಲಿರುವುದು ಒಟ್ಟು ಮೊತ್ತ. ಸಂಸ್ಥೆ ಹಿಡಿದುಕೊಂಡ ಶುಲ್ಕವನ್ನಾಗಲಿ ಗಿರಾಕಿಗೆ ಮರಳಿಸಿದ ಹಣವನ್ನಾಗಲಿ ಅದರಲ್ಲಿ ಕಳೆದಿರುವುದಿಲ್ಲ. ಇದನ್ನರಿಯದೆ ನಾನು 730 ಡಾಲರ್ ಶುಲ್ಕ, 1,320 ಡಾಲರ್ ಮರುಪಾವತಿ, ಕೂಟದ 5,400 ಎಲ್ಲವನ್ನೂ ಮನಸ್ಸಿನಲ್ಲೇ ಕಳೆದು 16,850 ಡಾಲರನ್ನು ಮಾತ್ರ ಬರೆದೆ. ಒಟ್ಟು ಮೊತ್ತವನ್ನು ಶೆಡ್ಯೂಲ್ ಸಿಯ ಮೊದಲ ಸಾಲಿನಲ್ಲಿ ತೋರಿಸಿ, ಮರುಪಾವತಿಯನ್ನು ಎರಡನೆಯ ಸಾಲಿನಲ್ಲಿ, ಶುಲ್ಕವನ್ನು ಖರ್ಚಿನ ಭಾಗದಲ್ಲಿ ಕಳೆಯುವುದು ಸರಿಯಾದ ಕ್ರಮ. ತಪ್ಪಾಗಿ ಸೇರಿದ ಹಣಕ್ಕೆ ಈಚೆಗೆ ರಿಟರ್ನ್ಸ್‌ಗೆ ಸೇರಿಸುವ ಶೆಡ್ಯೂಲ್ 1 ಎಂಬ ಇನ್ನೊಂದು ಪುಟದ ಮೇಲ್ಭಾಗದಲ್ಲೇ ಜಾಗ ಮಾಡಿದ್ದಾರೆ. 2019ರಲ್ಲಿ ಐಆರ್‌ಎಸ್‌ನಿಂದ ಸಿಪಿ2000 ಎಂಬ ಪತ್ರ ಬಂತು: ವ್ಯತ್ಯಾಸದ 7,450 ಡಾಲರ್ ಆದಾಯವಲ್ಲವೇ, 30 ದಿನಗಳೊಳಗೆ ಉತ್ತರಿಸಿ. ಅದು ದಂಡವಲ್ಲ, ಕೇವಲ ವಿಚಾರಣೆ ಎಂಬುದು ಆಗ ಗೊತ್ತಿರಲಿಲ್ಲ. ಮೂರು ರಾತ್ರಿ ನಿದ್ದೆ ಮಾಡಲಿಲ್ಲ.

ಗಾಬರಿಯಲ್ಲಿ 90 ಮನೆಗಳಿಗೂ ಒಂದೇ ಇಮೇಲ್ ಕಳುಹಿಸಿದೆ: ಇಂಥ ದಿನ ತಾವು ಪಾವತಿಸಿದ 60 ಡಾಲರ್ ಊಟದ ಬಾಬ್ತು ಎಂಬುದನ್ನು ಲಿಖಿತವಾಗಿ ದೃಢೀಕರಿಸಬೇಕು. ಅದು ಹೋದ ಮನೆಗಳಲ್ಲಿ ಒಂದು, ನನ್ನ ಬಾಣಂತನ ಮಾಡಿದ ಅಕ್ಕನ ಮನೆ. ಅಮ್ಮನಿಗೆ ವೀಸಾ ಸಿಗದೆ ಬರಲಾಗದಿದ್ದಾಗ ನಲವತ್ತು ದಿನ ದಿನಾ ಬೆಳಿಗ್ಗೆ ಬಂದು ನನಗೂ ಮಗುವಿಗೂ ಎಣ್ಣೆ ಹಚ್ಚಿ ಎರೆದು, ಜೋಳದ ರೊಟ್ಟಿ ಬಡಿದಿಟ್ಟು ಹೋಗುತ್ತಿದ್ದವರು ಅವರು. ಅದಕ್ಕೆ ಲೆಕ್ಕ ಬರೆದವರಿಲ್ಲ. "ಅರವತ್ತು ಡಾಲರಿಗೆ ನನ್ನ ಕೈಯಿಂದ ಸಾಕ್ಷಿ ಬರೆಸಿಕೊಳ್ಳುತ್ತೀಯಾ?" ಎಂದು ಫೋನಿನಲ್ಲಿ ಒಂದೇ ಮಾತು ಕೇಳಿ ಇಟ್ಟರು. ಅವರ ಮನೆ ನಾಲ್ಕು ಮೈಲಿ ದೂರದಲ್ಲಿತ್ತು. ನಡುಮನೆಯಲ್ಲಿ ಕುಳಿತು, ಚಹಾ ಕುಡಿದು, ಅಕ್ಕಾ ಹೀಗೊಂದು ತಾಪತ್ರಯ ಬಂದಿದೆ ಎಂದಿದ್ದರೆ ಅವರೇ ಇನ್ನೂ ಹತ್ತು ಮನೆಯವರಿಂದ ಬರೆಸಿಕೊಡುತ್ತಿದ್ದರು. ಮುಂದಿನ ವರ್ಷ ಮಗನಿರುವ ಊರಿಗೆ ಹೋದರು, ಹೋಗುವಾಗ ಹೇಳಲಿಲ್ಲ.

ಆ ದೃಢೀಕರಣಗಳ ಅಗತ್ಯವೇ ಇರಲಿಲ್ಲವೆಂಬುದು ಆಮೇಲೆ ತಿಳಿಯಿತು. ಅಡುಗೆಯವರಿಗೆ ನನ್ನ ಖಾತೆಯಿಂದ 5,400 ಡಾಲರ್ ಹೋದ ಬ್ಯಾಂಕಿನ ದಾಖಲೆ, ಕೂಟದ ಖಜಾಂಚಿಯವರ ಒಂದು ಪತ್ರ, ಶುಲ್ಕ ಮತ್ತು ಮರುಪಾವತಿಯ ಪಟ್ಟಿ ಇಷ್ಟನ್ನೇ ಲೆಕ್ಕಿಗರು ಕಳುಹಿಸಿದರು. ನಾಲ್ಕು ತಿಂಗಳ ನಂತರ ಬಾಕಿ ಏನೂ ಇಲ್ಲವೆಂಬ ಉತ್ತರ ಬಂತು. ಲೆಕ್ಕಿಗರಿಗೆ 600 ಡಾಲರ್ ಕೊಟ್ಟೆ.

ಆದ್ದರಿಂದ ನೀವು ಈ ವಾರವೇ ವ್ಯಾಪಾರಕ್ಕೆಂದು ಬೇರೆ ಬ್ಯಾಂಕ್ ಖಾತೆಯನ್ನೂ ಪೇಪಾಲ್‌ನಲ್ಲಿ ಬೇರೆ ವ್ಯಾಪಾರಿ ಖಾತೆಯನ್ನೂ ತೆರೆಯಿರಿ, ಸೀರೆಯ ಹಣವಲ್ಲದೆ ಬೇರೊಂದು ಡಾಲರ್ ಅದರೊಳಗೆ ಬರದಂತೆ ನೋಡಿಕೊಳ್ಳಿ. ತಿಂಗಳ ಕೊನೆಗೆ ಒಟ್ಟು ಮೊತ್ತವನ್ನು ಬರೆದಿಡಿ, ಏಕೆಂದರೆ ನಮೂನೆಯಲ್ಲಿ ತಿಂಗಳವಾರು ಅಂಕಿಗಳೂ ಇರುತ್ತವೆ, ಹೋಲಿಸಿ ನೋಡುವುದು ಸುಲಭ. ತಪ್ಪು ಕಂಡರೆ ಅದರಲ್ಲೇ ಮುದ್ರಿತವಾಗಿರುವ ಸಂಸ್ಥೆಯ ಸಂಖ್ಯೆಗೆ ಫೋನು ಮಾಡಿ ತಿದ್ದಿದ ಪ್ರತಿ ಕೇಳಿ, ರಿಟರ್ನ್ಸ್ ಸಲ್ಲಿಸುವ ಏಪ್ರಿಲ್ 15ರವರೆಗೆ ಕಾಯಬೇಡಿ. ನವೆಂಬರಿನಲ್ಲಿ ನಿಮ್ಮ ಊರಿನ ಕೂಟದವರು ಹಣ ಕೂಡಿಸಲು ನಿಮ್ಮ ಖಾತೆ ಕೇಳಿಯೇ ಕೇಳುತ್ತಾರೆ. ಖಾತೆ ಕೊಡಲಾಗದು, ಐವತ್ತು ಜನಕ್ಕೆ ರೊಟ್ಟಿ ಬಡಿದುಕೊಡುತ್ತೇನೆ ಎನ್ನಿ.